ಎರಡು ಬೆರಳಿನ ಇಳಿಜಾರು

ನಮ್ಮ ಡೊಂಬಿವಲಿಯ ಕಟ್ಟಡಕ್ಕೆ ಈಗ ದುರಸ್ತಿ ನಡೆದಿದೆ. ಕೆಳಗಿನ ಕಂಬಗಳ ಹಳೆಯ ಗಿಲಾವು ಕೆತ್ತಿ, ಹೊಸ ಸಿಮೆಂಟು ತುಂಬಿ, ಬೇಗ ಒಣಗಿ ಸೀಳದಿರಲೆಂದು ಒದ್ದೆ ಗೋಣಿ ಸುತ್ತಿದ್ದಾರೆ. ಹಸಿ ಸಿಮೆಂಟು, ಒದ್ದೆ ಗೋಣಿ ಸೇರಿದ ಆ ವಾಸನೆ ಮೂರನೆಯ ಮಾಳಿಗೆಯವರೆಗೂ ಏರಿ ಬರುತ್ತದೆ. ಧೂಳೆಂದು ಮಗಳು ಕಿಟಕಿ ಮುಚ್ಚುತ್ತಾಳೆ. ಅವಳು ಕೆಲಸಕ್ಕೆ ಹೋದ ಮೇಲೆ ನಾನು ಮತ್ತೆ ತೆರೆಯುತ್ತೇನೆ. ತೆರೆದು ನಿಲ್ಲುತ್ತೇನೆ. ಕಳೆದ ವರ್ಷ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ನನಗೆ ಹೆಚ್ಚು ಹೊತ್ತು ಕೂರಲು ಆಗುವುದಿಲ್ಲ.

ಈ ವಾಸನೆಗೆ ನನಗೆ ನೆನಪಾಗುವುದು ಖಾರಘರದ ಒಂದು ಮಳೆಗಾಲ. ಆ ಮಳೆಗಾಲದಲ್ಲಿ ನಾನು ಮಾಡಿದ ಕೆಲಸವನ್ನು ಯಾರಿಗೂ ಹೇಳಿಲ್ಲ. ಹೆಂಡತಿಗೆ ಮಾತ್ರ ಗೊತ್ತಿತ್ತು. ಅವಳು ಹೋಗಿ ಮೂರು ವರ್ಷವಾಯಿತು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಉಡುಪಿಯ ಕಡೆಯಿಂದ ಬಂದವನು. ವಾಶಿಯಲ್ಲಿ ಮಾರ್ಕೆಟ್ಟಿನ ಹತ್ತಿರ ದೊಡ್ಡಪ್ಪನ ಹೋಟೆಲಿನಲ್ಲಿ ಕೆಲಸ ಕಲಿತು, ಖಾರಘರದಲ್ಲಿ ಹೊಸ ಕಟ್ಟಡಗಳು ಎದ್ದಾಗ ಅಲ್ಲಿ ನನ್ನದೇ ಹೋಟೆಲು ತೆರೆದೆ. ಹೋಟೆಲಿನ ವಿದ್ಯೆ ಎಂದರೆ ಅಡುಗೆ ಎಂದು ಜನ ತಿಳಿಯುತ್ತಾರೆ. ಅಡುಗೆ ಭಟ್ಟರ ವಿದ್ಯೆ. ಮಾಲಿಕನ ವಿದ್ಯೆ ಗಿರಾಕಿಯನ್ನು ಏಳಿಸುವುದು. ದೊಡ್ಡಪ್ಪ ನನಗೆ ಕಲಿಸಿದ್ದು ಇದನ್ನೇ. ಕುರ್ಚಿಯ ಆಸನ ಮುಂದಕ್ಕೆ ಎರಡು ಬೆರಳು ಇಳಿಜಾರಾಗಿರಬೇಕು. ಕೂತವನ ಕಣ್ಣಿಗೆ ಅದು ಕಾಣುವುದಿಲ್ಲ, ತೊಡೆಗೆ ತಿಳಿಯುತ್ತದೆ. ಕಾಫಿ ಮುಗಿಯುವ ಹೊತ್ತಿಗೆ ಅವನಿಗೇ ಎದ್ದುಬಿಡೋಣ ಅನಿಸುತ್ತದೆ. ಇನ್ನೂ ಕೂತರೆ ಮೇಜು ಒರೆಸಬೇಕು. ಆಗಲೂ ಏಳದಿದ್ದರೆ ಸೋಂಪಿನ ತಟ್ಟೆ ತಂದಿಟ್ಟು, ಬಹಳ ಮರ್ಯಾದೆಯಿಂದ, "ಮತ್ತೇನಾದರೂ ಬೇಕಾ?" ಎಂದು ಕೇಳಬೇಕು.

ಹೊರಗೆ ಕೂರುವವರಿಗೆ ಬೇರೆ ಉಪಾಯವಿತ್ತು. ನಮ್ಮ ಹೋಟೆಲಿದ್ದ ಮೂಲೆಯೇ ಕೂಲಿಯವರ ನಾಕಾ. ಬೆಳಿಗ್ಗೆ ಏಳಕ್ಕೆ ಕಲಬುರಗಿ, ವಿಜಯಪುರ, ರಾಯಚೂರು ಕಡೆಯ ಗಂಡಸರು ಹೆಂಗಸರು ಡಬ್ಬಿ ಹಿಡಿದು ಬಂದು ನಿಲ್ಲುತ್ತಿದ್ದರು. ಕಂತ್ರಾಟುದಾರರು ಬಂದು ಬೇಕಾದಷ್ಟು ಜನರನ್ನು ಕರೆದುಕೊಂಡು ಹೋಗುವರು. ಹತ್ತು ಗಂಟೆಯವರೆಗೂ ಯಾರೂ ಕರೆಯದವರು ನಮ್ಮ ಮೆಟ್ಟಿಲ ನೆರಳಿಗೆ ಬಂದು ಕುಕ್ಕರಗಾಲಲ್ಲಿ ಕೂರುವರು. ಹಾಗಾಗಿ ನಾನು ಒಂಬತ್ತೂವರೆಗೆ ಸರಿಯಾಗಿ ಮೆಟ್ಟಿಲಿಗೂ ಮುಂದಿನ ಜಾಗಕ್ಕೂ ನೀರು ಹೊಡೆಸುತ್ತಿದ್ದೆ. ಒದ್ದೆಯಲ್ಲಿ ಯಾರು ಕೂರುತ್ತಾರೆ? ರಾಯರ ಹೋಟೆಲು ಎಷ್ಟು ಶುಚಿ ಎಂದು ಗಿರಾಕಿಗಳು ಹೊಗಳುತ್ತಿದ್ದರು.

ಆ ವರ್ಷ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಇಪ್ಪತ್ತೈದು ಇಪ್ಪತ್ತಾರರ ಒಬ್ಬ ಹುಡುಗಿ ಮೂಲೆಯ ಮೇಜಿನ ಕೆಳಗೆ ಬಗ್ಗಿ ಟೇಪು ಹಿಡಿದು ಏನೋ ಅಳೆಯುತ್ತಿದ್ದಳು. ನಾನು ಗಲ್ಲೆಯಿಂದ ಎದ್ದು ಹೋದೆ.

"ಎಂತದಮ್ಮಾ? ಏನಾದರೂ ಬಿತ್ತಾ?"

"ಏನೂ ಬಿದ್ದಿಲ್ಲ ಕಾಕಾ. ನಿಮ್ಮ ಖುರ್ಚಿ ಮಂದಿನ್ನ ಯಾಕ ನೂಕ್ತದ ಅಂತ ನೋಡ್ಲಿಕತ್ತೀನಿ."

ಮೂವತ್ತು ವರ್ಷದಲ್ಲಿ ಯಾವ ಗಿರಾಕಿಯೂ ಕಂಡುಹಿಡಿಯದ್ದನ್ನು ಈ ಹುಡುಗಿ ಒಂದು ಕಾಫಿಯಲ್ಲಿ ಕಂಡುಹಿಡಿದಿದ್ದಳು. ನನಗೆ ಸಿಟ್ಟು ಬರಲಿಲ್ಲ, ಖುಷಿಯಾಯಿತು. ಯಾರೆಂದು ಕೇಳಿದೆ. ಹೆಸರು ರೇಣುಕಾ. ನಾಕಾದಲ್ಲಿ ಗೋಡೆಗೆ ಒರಗಿ ನಿಲ್ಲುವ ಕುಂಟ ಸಾಯಬಣ್ಣನ ಮಗಳು. ಹುಟ್ಟಿದ್ದು ಖಾರಘರದ ಕಟ್ಟಡ ಕೂಲಿಗಳ ಶೆಡ್ಡಿನಲ್ಲೇ. ಸ್ಕಾಲರ್‌ಶಿಪ್ಪಿನಲ್ಲಿ ಕಲೆಯ ಕಾಲೇಜು ಓದಿದವಳು.

"ಮೂರ್ತಿ ಮಾಡ್ತೀಯಾ ಹಾಗಾದ್ರೆ?"

"ಮೂರ್ತಿ ಅಲ್ಲ."

"ಕಟ್ಟಡದ ನಕ್ಷೆಯಾ?"

"ಅದೂ ಅಲ್ಲ."

"ಕುರ್ಚಿ, ಮೇಜು?"

ಅವಳು ನಕ್ಕಳು. "ಕಾಲೇಜಿನ್ಯಾಗೂ ಹಿಂಗೇ ಆಯ್ತು ಕಾಕಾ. ಮೂರೂ ಡಿಪಾರ್ಟ್‌ಮೆಂಟಿಗಿ ಹೋದೆ. ಮೂರೂ ಮಂದಿ, 'ಬಾಜೂವಾಲೇ ಕೋ ಪೂಛೋ', ಬಾಜೂದವರಿಗಿ ಕೇಳು ಅಂದ್ರು."

ಆಮೇಲೆ ಗಂಭೀರವಾಗಿ ಹೇಳಿದಳು. ಅವಳಪ್ಪ ಸೆಂಟ್ರಿಂಗ್ ಕೆಲಸದವನು. ಸ್ಲ್ಯಾಬಿನ ಆಧಾರದ ಹಲಗೆ ಜಾರಿ ನಾಲ್ಕು ವರ್ಷದ ಹಿಂದೆ ಬಿದ್ದಿದ್ದ. ಬಲ ಸೊಂಟ ಸೊಟ್ಟಗೆ ಕೂಡಿಕೊಂಡಿತ್ತು. ಅಂದಿನಿಂದ ಅವನಿಗೆ ನೆಲದ ಮೇಲೂ ಕೂರಲಾಗದು, ಕುರ್ಚಿಯಲ್ಲೂ ಕೂರಲಾಗದು. ಮಲಗಬೇಕು, ಇಲ್ಲವೇ ನಿಲ್ಲಬೇಕು.

"ನಮ್ಮಪ್ಪ ಕೂಡ್ಲಿಕ್ಕಿ ಒಂದ್ ಜಾಗಾ ಬೇಕು. ಬೆನ್ನಿಗಿ ಗ್ವಾಡಿ ಬೇಕು, ತೆಲಿ ಮ್ಯಾಲ ನೆಳ್ಳು ಬೇಕು. ಮೂರೂ ಒಂದೇ ಮೈಯಾಗ ಬರಬೇಕು. ಬಂದ್ರ ಅದಕ್ಕ ಏನಂತಾರೋ ನನಗ ಗೊತ್ತಿಲ್ಲ. ಅಪ್ಪಗೊಬ್ಬಗೇ ಅಲ್ಲ, ನಾಕಾದವರಿಗಿ. ಮಂದಿ ಹೆಂಗ ಕೂಡ್ತಾರ ಅಂತ ನಿಮಗಿಂತ ಚಲೋ ಯಾರಿಗಿ ಗೊತ್ತದ?"

ನಾನು ಉಬ್ಬಿಹೋದೆ. ಎರಡು ಬೆರಳಿನ ಗುಟ್ಟನ್ನು ಅವಳಿಗೆ ಹೇಳಿಕೊಟ್ಟೆ. ಅವಳು ಪುಸ್ತಕದಲ್ಲಿ ಬರೆದುಕೊಂಡು, "ಅಂದ್ರ ಹಿಂದಕ್ಕ ಎರಡು ಬೆರಳು ಇಳಿಸಿದ್ರ ಏಳಲ್ಲ" ಎಂದಳು. ಹೋಟೆಲಿನ ಮೆಟ್ಟಿಲಿಗೂ ಫುಟ್‌ಪಾತಿಗೂ ನಡುವೆ ಒಂದು ಉದ್ದನೆಯ ಪಟ್ಟಿ ಜಾಗವಿತ್ತು. ಕಟ್ಟಡದ ಸೊಸೈಟಿಯವರು ಅದನ್ನು ಅಂಗಡಿಯವರ ಉಸ್ತುವಾರಿಗೆ ಬಿಟ್ಟಿದ್ದರು. ಅಲ್ಲೇ ಕಟ್ಟು ಎಂದೆ.

"ಏನರ ಕಾಗದ ಕೊಡ್ತೀರಿ?"

"ಕಾಗದ ಎಂತಕ್ಕೆ ಮಾರಾಯ್ತಿ? ನಾನಿಲ್ವಾ?"

ಈ ಮಾತನ್ನು ನಾನು ಆಡಿದ್ದೇನೆ. ಅದು ನೆನಪಿರಲಿ.

ಮೇ ತಿಂಗಳ ಕೊನೆಗೆ ಕೆಲಸ ಶುರುವಾಯಿತು. ನಾಕಾದವರೇ ಕೆಲಸದವರು. ಖಾಲಿ ಸಿಮೆಂಟು ಚೀಲಗಳನ್ನೂ ಗೋಣಿಗಳನ್ನೂ ಬಿಚ್ಚಿ, ದಬ್ಬಳದಲ್ಲಿ ಹೊಲಿದು, ದೊಡ್ಡ ಕೌದಿಯಂತೆ ಮಾಡಿ, ಅದರೊಳಗೆ ಸರಳು ಕಟ್ಟಿ ಕಾಂಕ್ರೀಟು ಎರೆದರು. ಗೋಣಿ ಉಬ್ಬಿದ ಕಡೆ ಗೋಡೆಯೂ ಉಬ್ಬಿತು. ಗೋಣಿಯ ನೇಯ್ಗೆಯ ಎಳೆಎಳೆಯೂ ಸಿಮೆಂಟಿನ ಮೈಮೇಲೆ ಮೂಡಿತು. ಗೋಡೆ ನೆಲದಿಂದ ಎದ್ದು, ನಡುವೆ ಆಸನವಾಗಿ ಬಗ್ಗಿ, ಮತ್ತೆ ಬೆನ್ನಾಗಿ ಮೇಲೇರಿ, ತುದಿಯಲ್ಲಿ ತಲೆಯ ಮೇಲೆ ಸೆರಗು ಹೊದ್ದಂತೆ ಮುಂದಕ್ಕೆ ಬಾಗಿತ್ತು. ಎಲ್ಲಿ ಕುರ್ಚಿ ಮುಗಿಯಿತು, ಎಲ್ಲಿ ಮನೆ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗುತ್ತಿರಲಿಲ್ಲ.

ಆಸನದ ಭಾಗವನ್ನು ಕೊನೆಗೆ ಎರೆದರು. ಅದು ಅರ್ಧ ಬಿಗಿದಾಗ ಮೇಲೆ ಪ್ಲಾಸ್ಟಿಕ್ಕು ಹಾಸಿ, ಒಂಬತ್ತು ಜನರನ್ನು ಸಾಲಾಗಿ ಕೂರಿಸಿದಳು. ಮೊದಲು ಕೂತವನು ಸಾಯಬಣ್ಣ.

ಅವನನ್ನು ಇಬ್ಬರು ಹಿಡಿದು ಇಳಿಸಬೇಕಾಯಿತು. "ನಂದು ಗಡಿಯಾರದ ಜಾತಿ ರಾಯರ. ಗ್ವಾಡಿಗಿ ತೂಗಹಾಕ್ರಿ, ಇಲ್ಲಾ ಮಲಗಸ್ರಿ. ಕೂಡಸ್ಲಿಕ್ಕಿ ಬರಂಗಿಲ್ಲ" ಎಂದು ನನ್ನ ಕಡೆ ನೋಡಿ ನಕ್ಕ. ಎಡಕ್ಕೆ ಸ್ವಲ್ಪ, ಹಿಂದಕ್ಕೆ ಸ್ವಲ್ಪ, ಮತ್ತೆ ಎಡಕ್ಕೆ. ಸಿಮೆಂಟು ಅವನ ಸೊಂಟ ಕೇಳಿದಷ್ಟೇ ತಗ್ಗಿತು. ಬಿಗಿಯುವ ಸಿಮೆಂಟು ಬಿಸಿಯಾಗುತ್ತದೆ. "ಏ ರೇಣವ್ವಾ, ಕಾವು ಕೊಟ್ಟಂಗ ಆಗ್ಲಿಕತ್ತದ ನೋಡು" ಎಂದ. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿದ. ನಾಲ್ಕು ವರ್ಷದ ಮೇಲೆ ಕೂತವನು ಕೂತಲ್ಲೇ ನಿದ್ದೆ ಹೋಗಿದ್ದ. ಪಕ್ಕದ ಎಂಟು ಜನ ಅವನು ಏಳುವವರೆಗೂ ಪಿಸುಮಾತಿನಲ್ಲಿ ಮಾತಾಡಿದರು. ನಾನು ಒಳಗಿಂದ ಎಲ್ಲರಿಗೂ ಚಹಾ ಕಳಿಸಿದೆ. ಆ ಮಳೆಗಾಲದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸವೆಂದರೆ ಆ ಚಹಾ ಒಂದೇ.

ಜೂನ್ ಎರಡನೆಯ ವಾರಕ್ಕೆ ಮಳೆ ಹಿಡಿಯಿತು. ಖಾರಘರದ ಹಿಂದಿನ ಗುಡ್ಡ ದಿನಗಟ್ಟಲೆ ಕಾಣುತ್ತಿರಲಿಲ್ಲ. ರಸ್ತೆಯಲ್ಲಿ ನೀರು ಹರಿಯುವಾಗ ಆ ಸೆರಗಿನ ಕೆಳಗೆ ಒಂಬತ್ತು ಜನ ನೆನೆಯದೆ ಕೂತಿರುತ್ತಿದ್ದರು. ಅವತ್ತು ಕೂತವರ ಮೈ ಒತ್ತಿ ಮೂಡಿದ ಪ್ರತಿ ಕುಳಿಯ ತಳದಲ್ಲೂ ಕಿರುಬೆರಳು ಹೋಗುವಷ್ಟು ತೂತು ಬಿಟ್ಟಿದ್ದಳು, ಎರಚಲು ಬಿದ್ದರೂ ನೀರು ನಿಲ್ಲುತ್ತಿರಲಿಲ್ಲ. ಕೆಲಸ ಸಿಕ್ಕವರು ಎದ್ದು ಹೋದರೆ ಬೇರೆಯವರು ಬಂದು ಕೂರುವರು. ಸಾಯಬಣ್ಣನ ಕುಳಿಯಲ್ಲಿ ಮಾತ್ರ ಬೇರೆ ಯಾರಿಗೂ ಕೂರಲು ಬರುತ್ತಿರಲಿಲ್ಲ. ಅದು ಎಡಕ್ಕೆ ವಾಲಿದ ಕುಳಿ. ನೆಟ್ಟಗಿನ ಮೈಯವರನ್ನು ಅದು ಹೊರಹಾಕುತ್ತಿತ್ತು. ಅವನಿಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ, ಆದರೂ ದಿನಾ ಬಂದು ಮಧ್ಯಾಹ್ನದವರೆಗೆ ಕೂತು, ಹೊಸಬರಿಗೆ ಯಾವ ಕಂತ್ರಾಟುದಾರ ಒಳ್ಳೆಯವನು, ಯಾವನು ಕಳ್ಳ ಎಂದು ಹೇಳುತ್ತಿದ್ದ.

ಕಾಲೇಜಿನ ಹುಡುಗರು ನೋಡಲು ಬಂದರು. ಪೇಪರಿನವರು ಬಂದರು. ನಮ್ಮ ಕಡೆಯವರ ಸಂಘದಲ್ಲಿ ಕಲೆಗೆ ಜಾಗ ಕೊಟ್ಟ ದಾನಿ ಎಂದು ನನಗೆ ಶಾಲು ಹೊದಿಸಿದರು, ನಾನು ನಾಲ್ಕು ಮಾತು ಆಡಿದೆ. ಇಷ್ಟೆಲ್ಲ ನನಗೆ ಚೆನ್ನಾಗಿಯೇ ಇತ್ತು. ಒಂದು ದಿನ ಫೋಟೋ ತೆಗೆಯಲು ಬಂದವನು, ಹೊಸ ಅಂಗಿ ಹಾಕಿ ಗೋಡೆಯ ಪಕ್ಕ ನಿಂತಿದ್ದ ನನಗೆ, "ಅಂಕಲ್, ಥೋಡಾ ಸೈಡ್" ಎಂದ. ನಾನು ಸರಿದೆ. ಆ ಸರಿದದ್ದು ಎಲ್ಲೋ ಚುಚ್ಚಿಕೊಂಡು ಉಳಿಯಿತು.

ಅದೇ ಜುಲೈಯಲ್ಲಿ ಹೋಟೆಲಿಗೆ ಗಾಜಿನ ಬಾಗಿಲು ಹಾಕಿಸಿ ಎ.ಸಿ. ಮಾಡಿಸಿದ್ದೆ. ಗಾಜಿನಾಚೆ ಕಾಣುತ್ತಿದ್ದುದು ಕೂಲಿಯವರ ಮುಖಗಳ ಸಾಲು. ದಿನಾ ಬರುವ ಒಬ್ಬ ಗಿರಾಕಿ ಕೊಡೆ ಮಡಚುತ್ತಾ, ಎಲ್ಲರಿಗೂ ಕೇಳುವಂತೆ, "ಕ್ಯಾ ರಾವ್‌ಸಾಬ್, ಅಂದರ್ ಆನಾ ಹೈ ಯಾ ನಾಕಾ ಪೇ ಖಡಾ ರಹನಾ ಹೈ?" ಎಂದು, ಒಳಗೆ ಬರಬೇಕೋ ನಾಕಾದಲ್ಲೇ ನಿಲ್ಲಬೇಕೋ ಎಂದು ಕೇಳಿದ. ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಗಿರಾಕಿ ಕಡಿಮೆಯಾದರು ಎಂದು ಹೆಂಡತಿಯ ಹತ್ತಿರ ಹೇಳಿಕೊಂಡೆ. ಅವಳು, "ಎಂತ ಕಡಿಮೆ? ಇಡ್ಲಿ ಹಿಟ್ಟು ದಿನಾ ಅಷ್ಟೇ ಖರ್ಚಾಗ್ತಾ ಉಂಟಲ್ಲ" ಎಂದಳು. ಅವಳು ಹೇಳಿದ್ದು ನಿಜ.

ನಿಜವಾದ ಕಾರಣ ಹೇಳಿಬಿಡುತ್ತೇನೆ. ಬೆಳಿಗ್ಗೆ ನಾನು ಹೋಟೆಲಿನಿಂದ ಹೊರಗೆ ಬಂದಾಗ ನಾಕಾದವರು ಮೊದಲೆಲ್ಲ ದಡಬಡಿಸಿ ಎದ್ದು ದಾರಿ ಬಿಡುತ್ತಿದ್ದರು. ಗೋಡೆ ಬಂದ ಮೇಲೆ ಕೂತಲ್ಲಿಂದಲೇ, "ನಮಸ್ಕಾರ್ರಿ ರಾಯರ" ಎನ್ನತೊಡಗಿದರು. ಸಾಯಬಣ್ಣನಂತೂ ಬೆನ್ನು ಒರಗಿಸಿ, ಕೈ ಮಾತ್ರ ಎತ್ತಿ, ಅರಮನೆಯ ಜಗಲಿಯಲ್ಲಿ ಕೂತವನಂತೆ ನಗುತ್ತಿದ್ದ. ಅವನು ಏಳುತ್ತಿರಲಿಲ್ಲ. ಅವನಿಗೆ ಏಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅವನು ಏಳುತ್ತಿಲ್ಲ ಎಂಬುದೊಂದೇ ದಿನವಿಡೀ ತಲೆಯಲ್ಲಿ ಕೊರೆಯುತ್ತಿತ್ತು. ಜನರನ್ನು ಏಳಿಸಿಯೇ ದೊಡ್ಡವನಾದವನಿಗೆ ಒಬ್ಬ ಕುಂಟ ಎದುರಿಗೆ ಕೂತಿರುವುದನ್ನು ಸಹಿಸಲಾಗಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಶ್ರಾವಣದಲ್ಲಿ ನಾಗರಪಂಚಮಿಗೆ ಆ ಕಡೆಯವರೆಲ್ಲ ಊರಿಗೆ ಹೋಗುತ್ತಾರೆ. ಹೆಣ್ಣುಮಕ್ಕಳಿಗೆ ಅದು ತವರಿನ ಹಬ್ಬ, ಜೋಕಾಲಿಯ ಹಬ್ಬ. ಐದಾರು ದಿನ ನಾಕಾ ಖಾಲಿ. ರೇಣುಕಾ ಅಪ್ಪನನ್ನು ಕರೆದುಕೊಂಡು ಜೇವರ್ಗಿ ಕಡೆಯ ಅವರ ಊರಿಗೆ ಹೊರಟಳು. ಬಿದ್ದ ಮೇಲೆ ಅವನು ಊರು ನೋಡುತ್ತಿದ್ದುದು ಅದೇ ಮೊದಲು. ಹೋಗುವ ಮುಂಚೆ ಸಾಯಬಣ್ಣ ಗಾಜಿನ ಬಾಗಿಲು ತಟ್ಟಿ, "ರಾಯರ, ನನ್ನ ಖುರ್ಚಿ ನೋಡ್ಕೋರಿ. ಖಾಲಿ ಖುರ್ಚಿ ಕಂಡ್ರ ಯಾರರ ಮಂತ್ರಿ ಬಂದು ಕೂತಾರು" ಎಂದ. ನಾನು, "ಹೋಗಿಬಾ, ನಾನಿದ್ದೇನಲ್ಲ" ಎಂದೆ. ಮತ್ತೆ ಅದೇ ಮಾತು.

ಅವರು ಹೋದ ಮಾರನೆಯ ದಿನ, ಮಧ್ಯಾಹ್ನದ ಊಟದ ಹೊತ್ತು ಮುಗಿದು ಕೆಲಸದ ಹುಡುಗರು ವಿಶ್ರಾಂತಿಗೆ ಹೋದ ಮೇಲೆ, ತುರ್ಭೆ ಕಡೆಯಿಂದ ಗುರುತಿಲ್ಲದ ಒಬ್ಬ ಮೇಸ್ತ್ರಿಯನ್ನು ಕರೆಸಿದೆ. ಒಂಬತ್ತೂ ಕುಳಿ ತುಂಬಿ, ಮೇಲೆ ಮುಂದಕ್ಕೆ ಇಳಿಜಾರು ಮಾಡು ಎಂದೆ. ಎಷ್ಟು ಎಂದು ಕೇಳಿದ. ಎರಡು ಬೆರಳು ಜೋಡಿಸಿ ತೋರಿಸಿದೆ.

ಅವನು ಕುಳಿಯ ನುಣುಪನ್ನು ಸವರಿ, "ಸೇಟ್, ಪಹಲೇ ಟಾಚಾ ಮಾರನಾ ಪಡೇಗಾ" ಎಂದ. ಟಾಚಾ ಎಂದರೆ ಹಳೆಯ ಸಿಮೆಂಟಿನ ಮೈಯನ್ನು ಉಳಿಯಿಂದ ಕಚ್ಚು ಮಾಡುವುದು. ಹಾಗೆ ಮಾಡದಿದ್ದರೆ ಹೊಸದು ಅದನ್ನು ಹಿಡಿಯುವುದಿಲ್ಲ, ಬರೀ ಮೇಲೆ ಕೂತಿರುತ್ತದೆ. ಉಳಿಯ ಸದ್ದಿಗೆ ಜನ ಸೇರುತ್ತಾರೆಂದು ನನಗೆ ಹೆದರಿಕೆ. "ಟಾಚಾ ಬಿಚಾ ಕುಛ್ ನಹೀಂ. ಜಲ್ದೀ ಕರೋ" ಎಂದೆ. ಒಂದು ಗಂಟೆಯಲ್ಲಿ ಮುಗಿಯಿತು. ಹೆಂಡತಿ ಗಲ್ಲೆಯಿಂದಲೇ ನೋಡುತ್ತಿದ್ದಳು. ಮನೆಗೆ ಹೋದ ಮೇಲೆ ನನ್ನ ತಟ್ಟೆಗೆ ಅನ್ನ ಬಡಿಸಿ, ನೆಲದ ಮೇಲೆ ಇಡದೆ ಕೈಗೇ ಕೊಟ್ಟಳು. "ನಿಂತುಕೊಂಡೇ ಉಣ್ಣಿ" ಎಂದಳು. ಅಷ್ಟೇ. ಮತ್ತೆ ಆ ಮಾತು ತೆಗೆಯಲಿಲ್ಲ.

ಐದನೆಯ ದಿನ ಬೆಳಿಗ್ಗೆ ಅವರು ಬಂದರು. ರೇಣುಕಾಳ ಕೈಯಲ್ಲಿ ನನಗೆಂದು ತಂದ ಶೇಂಗಾ ಉಂಡೆಯ ಡಬ್ಬಿ ಇತ್ತು. ಗೋಡೆ ನೋಡಿ ಅವಳು ನಿಂತುಬಿಟ್ಟಳು. ಸಾಯಬಣ್ಣ ಕುಂಟುತ್ತಾ ತನ್ನ ಜಾಗಕ್ಕೆ ಹೋದ. ಬಗ್ಗಿ, ಅಂಗೈಯಿಂದ ಹೊಸ ಸಿಮೆಂಟನ್ನು ಸವರಿದ. ಉಗುರಿನಿಂದ ಒಂದು ಕೂದಲೆಳೆ ಬಿರುಕನ್ನು ಕೆರೆದು ನೋಡಿದ. ಅವನ ಬಾಯಿಂದ ಬಂದ ಮೊದಲ ಮಾತು ಇದು:

"ನೀರು ಹೊಡದಿಲ್ಲ."

ನಾನು ಬಾಗಿಲಲ್ಲಿದ್ದೆ. ನನ್ನ ಕಡೆ ತಿರುಗಿ, "ರಾಯರ, ಒಂದು ಚರಿಗಿ ನೀರು ಕೊಡ್ರಿ" ಎಂದ. ನಾನೇ ಕೈಯಾರೆ ತಂದು ಕೊಟ್ಟೆ. ಅವನು ಒಂದೊಂದಾಗಿ ಒಂಬತ್ತಕ್ಕೂ ನೀರು ಚಿಮುಕಿಸಿದ. ಮೇಲಿನ ಸೆರಗಿನಿಂದಾಗಿ ಅಲ್ಲಿಗೆ ಮಳೆ ತಾಕುತ್ತಿರಲಿಲ್ಲ, ಸಿಮೆಂಟು ಒಣಗಿ ಬಿಳಚಿತ್ತು.

"ಅಪ್ಪಾ, ಹುಚ್ಚ ಹಿಡದದ ಏನು ನಿನಗ?" ರೇಣುಕಾ ಕೂಗಿದಳು. "ನಿನ್ನ ಜಾಗಾ ಮುಚ್ಯಾರ, ನೀ ಅದಕ್ಕ ನೀರು ಹಾಕ್ತಿ?"

"ಯಾರೋ ಕೆಲಸ ಮಾಡ್ಯಾರ. ಹಸೀ ಸಿಮಿಂಟು, ನೀರ ಕುಡಸ್ಲಿಲ್ಲಂದ್ರ ಸೀಳ್ತದ. ಸಿಟ್ಟು ಸಿಮಿಂಟಿನ ಮ್ಯಾಲ ಯಾಕ ತೋರಸ್ಲಿ?"

ಅವಳು ನನ್ನ ಮುಂದೆ ಬಂದು ನಿಂತಳು. "ಕಾಕಾ, ಯಾರ್ ಮಾಡ್ಯಾರ ಇದು?"

ಆಗ ಹೇಳಬಹುದಿತ್ತು. ಕೆಟ್ಟವನೆನಿಸಿಕೊಂಡು ಅಲ್ಲಿಗೇ ಮುಗಿಯುತ್ತಿತ್ತು, ಅವಳು ಎರಡು ದಿನದಲ್ಲಿ ಒಡೆದು ತೆಗೆಯುತ್ತಿದ್ದಳು. ನಾನು, "ಸರಕಾರಿ ಆಫೀಸಿನವರು ಬಂದಿದ್ರಮ್ಮ. ನಾನು ಎಷ್ಟು ಹೇಳಿದ್ರೂ ಕೇಳಲಿಲ್ಲ" ಎಂದೆ. ಅವಳ ಕಣ್ಣಲ್ಲಿ ನೀರಿತ್ತು. ಉಂಡೆಯ ಡಬ್ಬಿಯನ್ನು ನನ್ನ ಕೈಗಿಟ್ಟು, "ನೀವರ ಏನ್ ಮಾಡ್ತೀರಿ ಕಾಕಾ" ಎಂದಳು.

ಸಾಯಬಣ್ಣ ಏಳು ದಿನ ಬೆಳಿಗ್ಗೆ ಬಂದು, ನಮ್ಮ ಹೋಟೆಲಿನ ಚರಿಗೆಯಲ್ಲಿ ನೀರು ಕೇಳಿ ಪಡೆದು, ತನ್ನ ಜಾಗ ಮುಚ್ಚಿದ ಸಿಮೆಂಟಿಗೆ ನೀರು ಹಾಕಿ, ಗೋಡೆಗೆ ಒರಗಿ ನಿಂತು ಹೋದ.

ರೇಣುಕಾ ಬೇಲಾಪುರದ ಸರಕಾರಿ ಆಫೀಸುಗಳಿಗೆ ಅಲೆದಳು. ಒಂದು ಆಫೀಸಿನಿಂದ ಇನ್ನೊಂದಕ್ಕೆ, ಮಳೆಯಲ್ಲಿ, ಬಸ್ಸಿನಲ್ಲಿ. ನಾವು ಯಾರನ್ನೂ ಕಳಿಸಿಲ್ಲ ಎಂದು ಅವರು ಹೇಳಿದರು. ಅದು ಸತ್ಯವಾಗಿತ್ತು, ಆದರೆ ನನ್ನ ಮಾತು ನಂಬಿದ ಅವಳಿಗೆ ಅವರು ಸುಳ್ಳುಗಾರರಾಗಿ ಕಂಡರು. ಅವಳು ಅರ್ಜಿಯ ಮೇಲೆ ಅರ್ಜಿ ಕೊಟ್ಟಳು. ಕೊನೆಗೆ ಒಬ್ಬ ಗುಮಾಸ್ತ ಫೋಟೋ ನೋಡಿ, "ಹಾ ಪುತಳಾ ಆಹೇ ಕೀ ಬಾಂಧಕಾಮ?" ಎಂದು, ಇದು ಮೂರ್ತಿಯೋ ಕಟ್ಟಡವೋ ಎಂದು ಕೇಳಿದನಂತೆ. ಮೂರ್ತಿಗೆ ಒಂದು ಪರವಾನಗಿ, ಕಟ್ಟಡಕ್ಕೆ ಇನ್ನೊಂದು. ಅವಳ ಹತ್ತಿರ ಎರಡೂ ಇರಲಿಲ್ಲ. ಯಾರ ಒಪ್ಪಿಗೆಯಿಂದ ಕಟ್ಟಿದ್ದು ಎಂದು ಕೇಳಿದರು. ಅವಳು ನನ್ನ ಹತ್ತಿರ ಓಡಿ ಬಂದಳು.

"ಕಾಕಾ, ಜಾಗಾ ನಾ ಕೊಟ್ಟೀನಿ ಅಂತ ಎರಡು ಸಾಲು ಬರಕೊಡ್ರಿ, ಸಾಕು."

"ಸೊಸೈಟಿಯವರನ್ನು ಕೇಳಬೇಕಮ್ಮ. ನನ್ನೊಬ್ಬನ ಕೈಲಿ ಎಂತ ಉಂಟು?"

ಅವಳು ಮತ್ತೆರಡು ಸಲ ಬಂದಳು. ಗಣಪತಿ ಕಳೆದ ಮೇಲೆ ನೋಡೋಣ ಎಂದೆ. ಗಣಪತಿ ಕಳೆದ ಮೇಲೆ ಬಂದದ್ದು ನೋಟಿಸು, ಆಮೇಲೆ ಒಡೆಯುವ ಯಂತ್ರ. ಅವರ ತಪ್ಪೇನೂ ಇರಲಿಲ್ಲ. ಕಾಗದವಿಲ್ಲದ್ದನ್ನು ತೆಗೆದರು. ಅವರ ಗಮನಕ್ಕೇ ಬಾರದೆ ಇರಬಹುದಾಗಿದ್ದ ಗೋಡೆಯನ್ನು ಅವರ ಮೇಜಿನ ಮೇಲೆ ಇಟ್ಟದ್ದು ನನ್ನ ಸುಳ್ಳು. ನಾಕಾದವರು ದೂರದಲ್ಲಿ ನಿಂತು ನೋಡಿದರು. ರೇಣುಕಾ ಒಡೆದ ತುಂಡುಗಳನ್ನು ಒಂದು ಟೆಂಪೋಗೆ ಹೇರಿಸಿಕೊಂಡು ಹೋದಳು. ನಾನು ಗಾಜಿನ ಒಳಗಿನಿಂದ ನೋಡಿದೆ. ಮುಂದಿನ ಬೇಸಿಗೆಯಲ್ಲಿ ಸಾಯಬಣ್ಣ ತೀರಿಕೊಂಡ. ನಾನು ಹೋಗಲಿಲ್ಲ. ಮಾರನೆಯ ವರ್ಷ ನಾಕಾದವರು ಬೇರೆ ಮೂಲೆಗೆ ಹೋದರು. ಹೋಟೆಲನ್ನು ಮಾರಿದೆ.

ಇಷ್ಟೂ ಮಣ್ಣಲ್ಲಿ ಮುಚ್ಚಿಹೋಗುತ್ತಿತ್ತು. ಕಳೆದ ತಿಂಗಳು ಫೋನು ಬಂತು. "ಕಾಕಾ, ರೇಣುಕಾ ಬೋಲ್ ರಹೀ ಹೂಂ. ನೆನಪದ ಏನು?" ನಾನು ಬಿದ್ದ ಸುದ್ದಿ ಯಾರಿಂದಲೋ ಕೇಳಿದ್ದಳು. ಈಗ ಅವಳಿಗೆ ಹೆಸರಿದೆ, ಊರೂರಿಗೆ ಕರೆಯುತ್ತಾರೆ. ಕಲ್ಯಾಣದ ಹೊರಗೆ ಶೀಲ್ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು ಹಿಡಿದು ಕೆಲಸ ಮಾಡುತ್ತಾಳೆ. ಒಮ್ಮೆ ಬನ್ನಿ ಎಂದಳು. ಬರುವುದಿಲ್ಲ ಎನ್ನಲಾಗದೆ ಹೋದೆ.

ಶೆಡ್ಡಿನ ನಡುವೆ, ಗೋಣಿಯ ಮೇಲೆ, ಒಂದು ಸಿಮೆಂಟಿನ ಗಡ್ಡೆ ಇತ್ತು. ಕೆಳಗೆ ದುಂಡಗೆ, ಎಡಕ್ಕೆ ವಾಲಿ, ಮೇಲೆ ಚಪ್ಪಟೆ. ಆ ಚಪ್ಪಟೆಯಲ್ಲಿ ಎರಡು ಬೆರಳಿನ ಇಳಿಜಾರು. ನನಗೆ ತಕ್ಷಣ ಗುರುತು ಸಿಕ್ಕಿತು.

"ಇದು ಅಪ್ಪ" ಎಂದಳು. "ತುಂಬಿದಂವ ಗಡಿಬಿಡಿ ಮನಶಾ ಇರಬೇಕು. ಟಾಚಾ ಮಾರಿಲ್ಲ. ಅದಕ್ಕ ಒಡೆಯೋ ಮುಂದ ಇದು ಇಡಿಯಾಗಿ ಹೊರಗ ಬಂತು. ಅಪ್ಪನ ಸೊಂಟ, ತೊಡಿ, ಅಂವ ವಾಲಿದ್ದು, ಎಲ್ಲಾ ಹಂಗೇ ಅದ. ಅಪ್ಪ ನೀರು ಹಾಕಿದ್ದಕ್ಕ ಸೀಳಿಲ್ಲ."

ಪಕ್ಕದ ಗೋಡೆಗೆ ಅವಳ ಪ್ರದರ್ಶನದ ದೊಡ್ಡ ಹಾಳೆ ಅಂಟಿಸಿತ್ತು. ಇಂಗ್ಲಿಷಿನಲ್ಲಿದ್ದರೂ ನನ್ನ ಹೆಸರು ಓದಲು ಬಂತು. ಜಾಗ ಕೊಟ್ಟ, ಕೂರುವುದನ್ನು ಕಲಿಸಿದ ಕಾಕಾ ಎಂದು ಬರೆದಿದ್ದಾಳಂತೆ. ಅವಳೇ ಓದಿ ಹೇಳಿದಳು.

ನಾನು ಕೇಳಿದೆ: "ತುಂಬಿಸಿದವನು ಸಿಕ್ಕಿದರೆ ಎಂತ ಮಾಡ್ತೀಯಮ್ಮ?"

ಅವಳು ಗಡ್ಡೆಯ ಮೇಲಿನ ಧೂಳು ಒರೆಸಿದಳು. "ಮೊದಲ ಕೂಡಸ್ತೀನಿ ಕಾಕಾ. ಆಮ್ಯಾಲ ಕೇಳ್ತೀನಿ. ನಿಂತವರಿಗಿ ಏನ್ ಕೇಳೋದು?"

ಅವಳು ನನ್ನನ್ನು ಕರೆದದ್ದೇ ಬೇರೆ ಕೆಲಸಕ್ಕೆ. ಒಂದು ಪೆಟ್ಟಿಗೆಯಲ್ಲಿ ಕಾಂಕ್ರೀಟು ಎರೆದು, ಅರ್ಧ ಬಿಗಿಯಲು ಬಿಟ್ಟು, ಮೇಲೆ ಪ್ಲಾಸ್ಟಿಕ್ಕು ಹಾಸಿ ಸಿದ್ಧ ಮಾಡಿದ್ದಳು. "ಸೊಂಟ ಮುರದದ ಅಂತ ಕೇಳಿ ಸುಮ್ನ ಇರ್ಲಿಕ್ಕಿ ಆಗ್ಲಿಲ್ಲ. ಆವೋ ನಾ ಕಾಕಾ, ಬೈಠೋ." ಅವಳ ಹೆಗಲು ಹಿಡಿದು ಕೂತೆ. ಸಿಮೆಂಟು ಬಿಸಿಯಿತ್ತು. ಸಾಯಬಣ್ಣ ಹೇಳಿದ ಹಾಗೆ ಕಾವು ಕೊಟ್ಟಂತೆ. ಒಂದು ವರ್ಷದಿಂದ ಇದ್ದ ನೋವು ಕಡಿಮೆಯಾಯಿತು. ಎದುರಿಗೆ ಅವನ ಗಡ್ಡೆ. ಎರಡು ಗಂಟೆ ಕೂತಿದ್ದೆ. ಬಾಯಿ ಬಿಡಲಿಲ್ಲ. ಅವಳು ಕೈಹಿಡಿದು ಎಬ್ಬಿಸಿದಳು. ನನ್ನ ಮೈಯ ಕುಳಿ ಅಲ್ಲಿ ಉಳಿಯಿತು.

ಇಪ್ಪತ್ತೆಂಟು ದಿನ ನೀರು ಹಾಕಿ ಬಲಿತ ಮೇಲೆ ಡೊಂಬಿವಲಿಗೆ ತಂದುಕೊಡುತ್ತಾಳಂತೆ. ಇವತ್ತಿಗೆ ಹತ್ತೊಂಬತ್ತು ದಿನ. ದಿನಾ ಬೆಳಿಗ್ಗೆ ಅದಕ್ಕೆ ಅವಳೇ ನೀರು ಹಾಕುತ್ತಿರಬೇಕು.

ಇದನ್ನು ಬರೆಯತೊಡಗಿದಾಗ ಒಂದು ಸಮಾಧಾನವಿತ್ತು. ರೇಣುಕಾಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವಳಿಗೆ ಓದಲಾಗದ ಅಕ್ಷರದಲ್ಲಿ ತಪ್ಪೊಪ್ಪಿಕೊಂಡು ಹಗುರಾಗುವುದು ಸುಲಭ. ಅದೂ ಗಿರಾಕಿಯನ್ನು ಮರ್ಯಾದೆಯಿಂದ ಏಳಿಸಲು ಸೋಂಪಿನ ತಟ್ಟೆ ಇಟ್ಟಂತೆಯೇ ಎಂದು ಈಗ ತಿಳಿಯುತ್ತಿದೆ. ಹಾಗಾಗಿ ನಾಳೆ ಈ ಹಾಳೆಗಳನ್ನು ಹಿಡಿದು ಕಲ್ಯಾಣಕ್ಕೆ ಹೋಗುತ್ತೇನೆ. ಅವಳನ್ನು ಕೂರಿಸಿ, ನಾನು ನಿಂತು, ಮೊದಲಿನಿಂದ ಕೊನೆಯವರೆಗೆ ಓದಿ ಹೇಳುತ್ತೇನೆ. ಅಲ್ಲಿ ಸಿಮೆಂಟೂ ಇದೆ, ನನ್ನ ಕುಳಿಯೂ ಇದೆ. ಅವಳು ಅದನ್ನು ತುಂಬುವುದಾದರೆ ಟಾಚಾ ಮಾರಿಯೇ ತುಂಬಲಿ.